ವಿಜಯಪುರದಲ್ಲಿ ಮೂರು ದಿನ: ಗುಮ್ಮಟ ನೋಡಿ, ಆಮೇಲೆ ನೀರಿನ ಜಾಡು ಹಿಡಿಯಿರಿ

ವಿಜಯಪುರಕ್ಕೆ ಹೋಗಿ ಬಂದವರನ್ನು ಏನು ನೋಡಿದಿರಿ ಎಂದು ಕೇಳಿ. ಗೋಲಗುಮ್ಮಟ ಅನ್ನುತ್ತಾರೆ. ಮತ್ತೆ? ಅಂದರೆ ತಲೆ ಕೆರೆದುಕೊಳ್ಳುತ್ತಾರೆ. ಅವರದ್ದೇನೂ ತಪ್ಪಿಲ್ಲ. ಬಾದಾಮಿ ಕಡೆ ಹೊರಟ ಟೂರಿಸ್ಟ್ ಬಸ್ಸು ಇಲ್ಲಿ ಎರಡು ಗಂಟೆ ನಿಲ್ಲುತ್ತದೆ. ಅಷ್ಟರಲ್ಲಿ ಏಳು ಅಂತಸ್ತು ಹತ್ತಬೇಕು, ಕೂಗಬೇಕು, ಇಳಿಯಬೇಕು, ಫೋಟೋ ಹೊಡೆಸಿಕೊಳ್ಳಬೇಕು. ನಾನು ಮೊದಲ ಸಲ ಮಾಡಿದ್ದೂ ಅದನ್ನೇ. ಶಾಲೆಯ ಪ್ರವಾಸದಲ್ಲಿ ಹೋಗಿ, ಗಂಟಲು ಹರಿಯುವಂತೆ ಕೂಗಿ, ಮೇಷ್ಟ್ರ ಕೈಲಿ ಬೈಸಿಕೊಂಡು ಬಂದಿದ್ದೆ.

ದೊಡ್ಡವನಾದ ಮೇಲೆ ಹೋದಾಗ ಎರಡು ರಾತ್ರಿ ಉಳಿದೆ. ಆಗ ಊರು ಬೇರೆಯಾಗಿಯೇ ಕಂಡಿತು. ಇಲ್ಲಿ ಸುತ್ತಲೂ ಎರೆಮಣ್ಣಿನ ಬಯಲು. ಮಳೆ ಕಡಿಮೆ. ಊರ ಮಗ್ಗುಲಲ್ಲಿ ದೊಡ್ಡ ಹೊಳೆ ಇಲ್ಲ. ಇಂಥ ಜಾಗದಲ್ಲಿ ಆದಿಲ್‌ಶಾಹಿ ಸುಲ್ತಾನರು ಸುಮಾರು ಇನ್ನೂರು ವರ್ಷ, 1490ರ ಆಸುಪಾಸಿನಿಂದ 1686ರವರೆಗೆ, ರಾಜಧಾನಿ ನಡೆಸಿದರು. ಅಷ್ಟು ಜನಕ್ಕೆ ಕುಡಿಯಲು ನೀರು ಎಲ್ಲಿಂದ ತಂದರು? ಈ ಒಂದು ಪ್ರಶ್ನೆ ತಲೆಯಲ್ಲಿಟ್ಟುಕೊಂಡು ತಿರುಗಿದರೆ ವಿಜಯಪುರ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕೆಳಗೆ ಹೇಳಿರುವ ಮೂರು ದಿನದ ದಾರಿ ಹಾಗೇ ಹೆಣೆದದ್ದು.

ಮೊದಲು ತಿಂಗಳು, ಆಮೇಲೆ ವಾರ

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಕಪ್ಪು ಕಲ್ಲಿನ ಅಂಗಳದಲ್ಲಿ ಬರಿಗಾಲಲ್ಲಿ ನಡೆಯುವಾಗ ಅದರ ಅರ್ಥ ಗೊತ್ತಾಗುತ್ತದೆ. ಮಳೆಗಾಲದ ಕೊನೆ, ಅಂದರೆ ಸೆಪ್ಟೆಂಬರ್-ಅಕ್ಟೋಬರ್ ಕೂಡ ಚೆನ್ನ. ಹೊಲಗಳಲ್ಲಿ ಹಸಿರು, ಕೃಷ್ಣೆಯಲ್ಲಿ ನೀರು. ಆದರೆ ಹಳೆಯ ಮೆಟ್ಟಿಲುಗಳ ಮೇಲೆ ಪಾಚಿ ಇರುತ್ತದೆ, ಹುಷಾರು.

ನನ್ನನ್ನು ಕೇಳಿದರೆ ಜನವರಿ. ಸಂಕ್ರಾಂತಿಗೆ ಊರಿನ ಸಿದ್ಧೇಶ್ವರ ಜಾತ್ರೆ ಇರುತ್ತದೆ. ಹೊಲದಲ್ಲಿ ಬಿಳಿಜೋಳ ತೆನೆ ಕಟ್ಟಿರುತ್ತದೆ. ಎಳೆ ತೆನೆಯನ್ನು ಕೆಂಡದಲ್ಲಿ ಸುಟ್ಟು ಉಜ್ಜಿ ತೆಗೆದ ಸೀತನಿ ತಿನ್ನಲು ಸಿಗುವುದು ಈ ಕೆಲವೇ ವಾರ. ಒಂದೇ ತೊಂದರೆ, ಶಾಲಾ ಪ್ರವಾಸಗಳ ಕಾಲವೂ ಇದೇ. ಅದಕ್ಕೆ ಉಪಾಯ ಮುಂದೆ ಹೇಳುತ್ತೇನೆ.

ವಾರ ಯಾವುದು ಅನ್ನುವುದೂ ಮುಖ್ಯ. ಗೋಲಗುಮ್ಮಟದ ಮುಂದಿನ ಮ್ಯೂಸಿಯಂ ಶುಕ್ರವಾರ ಮುಚ್ಚಿರುತ್ತದೆ. ನಾನು ಇದನ್ನು ತಿಳಿದುಕೊಳ್ಳದೆ ಶುಕ್ರವಾರವೇ ಹೋಗಿ, ಬಾಗಿಲ ಬೀಗ ನೋಡಿ ಬಂದಿದ್ದೇನೆ. ಶುಕ್ರವಾರ ಮಧ್ಯಾಹ್ನ ಜುಮ್ಮಾ ಮಸೀದಿಯಲ್ಲಿ ನಮಾಜಿನ ಜನ. ಭಾನುವಾರ ಎಲ್ಲೆಡೆ ಗದ್ದಲ. ಸೋಮವಾರದಿಂದ ಬುಧವಾರ ಸಿಕ್ಕರೆ ಬಿಡಬೇಡಿ.

ಹೋಗುವುದು, ಉಳಿಯುವುದು

ಬೆಂಗಳೂರಿನಿಂದ ರಸ್ತೆಯಲ್ಲಿ ಐನೂರು ಕಿಲೋಮೀಟರಿಗೂ ಜಾಸ್ತಿ. ರಾತ್ರಿ ಬಸ್ಸುಗಳಿವೆ. ನನಗೆ ಇಷ್ಟ ರೈಲು. ಊರಿನ ಗುಮ್ಮಟದ ಹೆಸರನ್ನೇ ಹೊತ್ತ ಗೋಲಗುಂಬಜ್ ಎಕ್ಸ್‌ಪ್ರೆಸ್ ಮೈಸೂರಿನಿಂದ ಹೊರಟು ಬೆಂಗಳೂರಿನ ಮೇಲೆ ಬರುತ್ತದೆ. ಸಂಜೆ ಹತ್ತಿದರೆ ಬೆಳಿಗ್ಗೆ ವಿಜಯಪುರ. ರಜೆ ದಿನಗಳಿಗೆ ಸೀಟು ಬೇಗ ತುಂಬುತ್ತದೆ, ಮೊದಲೇ ಬುಕ್ ಮಾಡಿ. ಸೊಲ್ಲಾಪುರದಿಂದ ಬರುವವರಿಗೆ ಸುಮಾರು ನೂರು ಕಿಲೋಮೀಟರ್, ಹುಬ್ಬಳ್ಳಿಯಿಂದ ಇನ್ನೂರರ ಹತ್ತಿರ.

ಉಳಿಯಲು ಗೋಲಗುಮ್ಮಟದ ಆಸುಪಾಸು ಅಥವಾ ಸ್ಟೇಷನ್ ರಸ್ತೆ ನೋಡಿ. ಬೆಳಗಿನ ಜಾವ ಗುಮ್ಮಟಕ್ಕೆ ನಡೆದೇ ಹೋಗುವಂತಿರಬೇಕು, ಅದೊಂದೇ ಲೆಕ್ಕ. ಒಮ್ಮೆ ಬಾಡಿಗೆ ಕಮ್ಮಿ ಎಂದು ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ರೂಮು ಹಿಡಿದೆ. ರಾತ್ರಿಯಿಡೀ ಹಾರ್ನ್. ರೂಮು ನೋಡುವಾಗ ಕಿಟಕಿ ತೆಗೆದು ಐದು ನಿಮಿಷ ನಿಂತು ಕೇಳಿ, ಆಮೇಲೆ ದುಡ್ಡು ಕೊಡಿ.

ಊರೊಳಗೆ ಆಟೋ ಸಾಕು. ಟಾಂಗಾಗಳೂ ಅಲ್ಲಲ್ಲಿ ಉಳಿದಿವೆ. ಮಕ್ಕಳಿದ್ದರೆ ಒಂದು ಸಲ ಹತ್ತಿಸಿ. ಯಾವುದೇ ಆದರೂ ಹತ್ತುವ ಮೊದಲು ಎಲ್ಲೆಲ್ಲಿ ನಿಲ್ಲಿಸಬೇಕು, ಎಷ್ಟು ಹೊತ್ತು, ಒಟ್ಟು ಎಷ್ಟು ಎಂದು ಮಾತಾಡಿಕೊಳ್ಳಿ. ದಕ್ಷಿಣದ ಕಡೆಯವರಿಗೆ ಇಲ್ಲಿಯ ಮಾತು ಮೊದಲಿಗೆ ಸ್ವಲ್ಪ ಗಡಸಾಗಿ ಕೇಳಬಹುದು. ‘ಎಲ್ಲಿ ಹೋಗಬೇಕ್ರೀ?’ ಅನ್ನುವುದರ ಕೊನೆಯ ಆ ‘ರೀ’ ಮರ್ಯಾದೆಯದು. ನೀವೂ ಮಾತಿಗೊಂದು ‘ರೀ’ ಸೇರಿಸಿ. ಅರ್ಧ ಕೆಲಸ ಅದರಲ್ಲೇ ಆಗಿಬಿಡುತ್ತದೆ.

ಮೊದಲ ದಿನ: ಗುಮ್ಮಟಕ್ಕೆ ಹೋಗಬೇಡಿ

ಹೌದು, ನಿಜವಾಗಿಯೂ. ರೈಲಿಳಿದು ಸ್ನಾನ ಮಾಡಿ ಹೊರಡುವ ಹೊತ್ತಿಗೆ ಒಂಬತ್ತೋ ಹತ್ತೋ ಆಗಿರುತ್ತದೆ. ಆ ಹೊತ್ತಿಗೆ ಗುಮ್ಮಟದೊಳಗೆ ಐದು ಶಾಲೆಯ ಮಕ್ಕಳು ಒಟ್ಟಿಗೆ ಕೂಗುತ್ತಿರುತ್ತಾರೆ. ಅದನ್ನು ನಾಳೆಗೆ ಇಟ್ಟುಕೊಳ್ಳಿ.

ಶುರು ಮಾಡುವುದು ಜುಮ್ಮಾ ಮಸೀದಿಯಿಂದ. 1565ರಲ್ಲಿ ವಿಜಯನಗರದ ಸೇನೆ ಸೋತಿತಲ್ಲ, ಆ ಯುದ್ಧದ ನಂತರ ಒಂದನೇ ಅಲಿ ಆದಿಲ್‌ಶಾಹ ಕಟ್ಟಿಸಲು ತೊಡಗಿದ್ದು ಇದು. ಅಲಂಕಾರ ಕಡಿಮೆ. ಸಾಲು ಸಾಲು ಕಮಾನು, ತಣ್ಣನೆಯ ನೆರಳು. ನೆಲದ ಮೇಲೆ ಚೌಕ ಚೌಕ ಗೆರೆ ಕಾಣುತ್ತವೆ. ಒಬ್ಬೊಬ್ಬರು ನಿಂತು ನಮಾಜು ಮಾಡಲು ಒಂದೊಂದು ಚೌಕ, ಸುಮಾರು 2,250 ಇವೆ. ಇವನ್ನು ಹಾಕಿಸಿದ್ದು ಆಮೇಲೆ ಬಂದ ಔರಂಗಜೇಬ. ಪಶ್ಚಿಮದ ಗೋಡೆಯಲ್ಲಿ ಚಿನ್ನದ ಬಣ್ಣದ ಮೆಹರಾಬು (ನಮಾಜಿನ ದಿಕ್ಕು ತೋರಿಸುವ ಗೂಡು) ಇದೆ, ಪರದೆ ಮುಚ್ಚಿರುವುದೂ ಉಂಟು. ಇದು ಇಂದಿಗೂ ನಮಾಜು ನಡೆಯುವ ಜಾಗ. ಮೈತುಂಬ ಬಟ್ಟೆ ಇರಲಿ, ತಲೆಗೊಂದು ವಸ್ತ್ರ ಜೊತೆಗಿರಲಿ, ಪ್ರಾರ್ಥನೆಯ ಹೊತ್ತಿನಲ್ಲಿ ಹೊರಗೇ ನಿಲ್ಲಿ.

ಅಲ್ಲಿಂದ ಅರಕಿಲ್ಲೆಯ ಕಡೆ ನಡೆಯುತ್ತಾ ಹೋದರೆ ದಾರಿಯಲ್ಲಿ ಮೆಹತರ್ ಮಹಲ್ ಸಿಗುತ್ತದೆ. ಹೆಸರು ಮಹಲ್, ನಿಜಕ್ಕೂ ಒಂದು ಮಸೀದಿಯ ಹೆಬ್ಬಾಗಿಲು. ಇಲ್ಲಿ ತಲೆ ಎತ್ತಿ ನೋಡಬೇಕು. ಬಾಲ್ಕನಿಯ ಕೆಳಗೆ ಆಧಾರಕ್ಕೆ ಕೊಟ್ಟ ಕಲ್ಲುಗಳನ್ನು ಮರ ಕೆತ್ತಿದ ಹಾಗೆ ಕೆತ್ತಿದ್ದಾರೆ. ಕಲ್ಲುಕುಟಿಗನಿಗೆ ಬಡಗಿಯ ಜೊತೆ ಪಂದ್ಯ ಇತ್ತೇನೋ ಅನಿಸುತ್ತದೆ. ಹತ್ತು ನಿಮಿಷದ ಜಾಗ, ಆದರೆ ಬಿಡಬೇಡಿ.

ಅರಕಿಲ್ಲೆ ಅಂದರೆ ಒಳಕೋಟೆ. ಹಳೆಯ ಅರಮನೆಗಳ ನಡುವೆ ಸರಕಾರಿ ಆಫೀಸು, ರಸ್ತೆ, ಚಹಾ ಅಂಗಡಿ. ಎಲ್ಲಿ ಸ್ಮಾರಕ ಮುಗಿಯುತ್ತದೆ, ಎಲ್ಲಿ ತಾಲೂಕು ಕಚೇರಿ ಶುರುವಾಗುತ್ತದೆ ಎಂದು ಗೊತ್ತಾಗುವುದಿಲ್ಲ. ಗಗನ್ ಮಹಲ್‌ನ ಮುಂದೆ ಕುಳಿತುಕೊಳ್ಳಿ. 1561ರಲ್ಲಿ ಕಟ್ಟಿದ್ದು. ಮಧ್ಯದ ಕಮಾನು ಇಪ್ಪತ್ತು ಮೀಟರಿನಷ್ಟು ಅಗಲ. ಮೇಲೆ ರಾಜನ ಮನೆ, ಕೆಳಗೆ ದರ್ಬಾರು. ಬಯಲಲ್ಲಿ ನಿಂತ ಜನಕ್ಕೂ ಒಳಗೆ ನಡೆಯುವುದು ಕಾಣಲಿ ಎಂದೇ ಇಷ್ಟು ದೊಡ್ಡ ಕಮಾನು. 1686ರಲ್ಲಿ ಕೊನೆಯ ಸುಲ್ತಾನ ಸಿಕಂದರನನ್ನು ಬೆಳ್ಳಿಯ ಸರಪಳಿ ಹಾಕಿ ಔರಂಗಜೇಬನ ಮುಂದೆ ನಿಲ್ಲಿಸಿದ್ದು ಇಲ್ಲೇ ಅನ್ನುತ್ತಾರೆ. ಸೋತವನಿಗೂ ಬೆಳ್ಳಿಯದೇ ಬೇಕಿತ್ತೇನೋ.

ಹತ್ತಿರದಲ್ಲೇ ಬಾರಾ ಕಮಾನ್. ಎರಡನೇ ಅಲಿ ಆದಿಲ್‌ಶಾಹನ ಗೋರಿ, ಕೆಲಸ ಅರ್ಧಕ್ಕೇ ನಿಂತದ್ದು. ಮೇಲೆ ಚಾವಣಿ ಇಲ್ಲ, ಕಪ್ಪು ಕಲ್ಲಿನ ಕಮಾನುಗಳು ಮಾತ್ರ ಆಕಾಶಕ್ಕೆ ಬಾಯಿ ತೆರೆದು ನಿಂತಿವೆ. ಇದರ ನೆರಳು ಗೋಲಗುಮ್ಮಟದ ಮೇಲೆ ಬೀಳಬಾರದೆಂದು ಕೆಲಸ ನಿಲ್ಲಿಸಿದರು ಎಂದು ಗೈಡುಗಳು ಕಥೆ ಹೇಳುತ್ತಾರೆ. ಗುಮ್ಮಟ ಇಲ್ಲಿಂದ ಒಂದು ಕಿಲೋಮೀಟರಿಗಿಂತ ದೂರ. ಅಷ್ಟು ಉದ್ದದ ನೆರಳು ಹೇಗೆ ಬಿದ್ದೀತು ಎಂದು ಕೇಳಬೇಡಿ. ಕಥೆ ಚೆನ್ನಾಗಿದೆ, ಅಷ್ಟು ಸಾಕು. ಆತ 1672ರಲ್ಲಿ ತೀರಿಕೊಂಡ, ರಾಜ್ಯಕ್ಕೆ ಉಳಿದದ್ದು ಹದಿನಾಲ್ಕು ವರ್ಷ. ಕಟ್ಟಡ ನಿಂತದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಊಟಕ್ಕೆ ಖಾನಾವಳಿ ಹುಡುಕಿ, ಹೋಟೆಲ್ ಅಲ್ಲ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಕಾಳಿನ ಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು, ಹಸಿ ಉಳ್ಳಾಗಡ್ಡಿ. ರೊಟ್ಟಿ ಬಡಿಯುವ ಸದ್ದು ಒಳಗಿಂದ ಕೇಳುತ್ತಿದ್ದರೆ ಕಣ್ಣು ಮುಚ್ಚಿ ಒಳಗೆ ಹೋಗಿ. ಖಾರ ತಡೆಯದವರು ಮೊದಲೇ ಹೇಳಿಬಿಡಿ. ಹೇಳಿದರೂ ಸ್ವಲ್ಪ ಖಾರ ಇದ್ದೇ ಇರುತ್ತದೆ, ಅದು ಬೇರೆ ಮಾತು.

ಊಟದ ಮೇಲೆ ಒಂದು ನಿದ್ದೆ. ಮೂರೂವರೆಗೆ ಮತ್ತೆ ಹೊರಡಿ, ಈ ಸಲ ಊರಿನ ಪಶ್ಚಿಮಕ್ಕೆ. ಇಲ್ಲಿಂದ ನಮ್ಮ ನೀರಿನ ಜಾಡು ಶುರು.

ಮೊದಲು ತಾಜ್ ಬಾವಡಿ. ಎರಡನೇ ಇಬ್ರಾಹಿಂ ಆದಿಲ್‌ಶಾಹ ತನ್ನ ರಾಣಿ ತಾಜ್ ಸುಲ್ತಾನಳ ಹೆಸರಲ್ಲಿ 1620ರಲ್ಲಿ ಕಟ್ಟಿಸಿದ ಬಾವಿ. ಬಾವಿ ಅಂದರೆ ನಮ್ಮ ಮನೆ ಹಿತ್ತಿಲದ್ದಲ್ಲ, ಒಂದು ಕಲ್ಯಾಣಿಯಷ್ಟು. ಮುಂದೆ ಎತ್ತರದ ಕಮಾನು, ಎರಡೂ ಪಕ್ಕ ಎಂಟು ಮೂಲೆಯ ಗೋಪುರ. ಹಿಂದೆ ಇದರಲ್ಲಿ ಕಸ, ಹೂಳು ತುಂಬಿತ್ತು. ಕೆಲವು ವರ್ಷಗಳ ಹಿಂದೆ ಹೂಳೆತ್ತಿದ್ದಾರೆ. ಗೇಟು ಹಾಕಿದ್ದರೆ ಕಮಾನಿನ ಬಳಿಯಿಂದಲೇ ನೋಡಿ, ಹಾರಿ ಒಳಗೆ ಹೋಗಬೇಡಿ.

ಆಮೇಲೆ ಮುಲ್ಕ್-ಎ-ಮೈದಾನ್ ತೋಪು, ಕೋಟೆಯ ಶೇರ್ಜಾ ಬುರುಜಿನ ಮೇಲಿದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ತೂಕ ಸುಮಾರು 55 ಟನ್. ಬಾಯಿಯ ಕಡೆ ಹೋಗಿ ನೋಡಿ: ಸಿಂಹವೊಂದು ಬಾಯಿ ತೆರೆದಿದೆ, ಅದರ ಹಲ್ಲಿಗೆ ಆನೆ ಸಿಕ್ಕಿದೆ. ಕಂಚಿನಂಥ ಮಿಶ್ರಲೋಹವಾದ್ದರಿಂದ ತುಕ್ಕಿನ ಸುಳಿವಿಲ್ಲ. ಗುಂಡು ಹಾರಿಸುವವನು ಬತ್ತಿಗೆ ಬೆಂಕಿ ಮುಟ್ಟಿಸಿ, ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಗೆ ಹಾರುತ್ತಿದ್ದ ಎಂದು ಊರವರು ಹೇಳುತ್ತಾರೆ. ನೋಡಿ, ತೋಪಿಗೂ ನೀರು ಬೇಕಾಯಿತು. ಇದೇ ತೋಪನ್ನು 1854ರಲ್ಲಿ ಹರಾಜಿಗಿಟ್ಟರು. ಕೂಗಿದ ಬೆಲೆ 150 ರೂಪಾಯಿ. ಆಮೇಲೆ ಮಾರಾಟ ರದ್ದಾಯಿತು, ನಮ್ಮ ಪುಣ್ಯ.

ಹತ್ತಿರದ ಉಪಲಿ ಬುರುಜನ್ನು ಹತ್ತಬಹುದು. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ ಒಂಟಿ ಗೋಪುರ, ಸುಮಾರು 80 ಅಡಿ. ಮೆಟ್ಟಿಲು ಹೊರಗಡೆಯಿಂದ ಸುತ್ತಿ ಹೋಗುತ್ತವೆ. ಮಕ್ಕಳ ಕೈ ಬಿಡಬೇಡಿ. ಮೇಲೆ ಉದ್ದನೆಯ ತೋಪುಗಳಿವೆ, ಆದರೆ ಹತ್ತಬೇಕಾದ್ದು ಅದಕ್ಕಲ್ಲ. ಇಡೀ ಊರು ಇಲ್ಲಿಂದ ಕಾಣುತ್ತದೆ. ಪೂರ್ವಕ್ಕೆ ಗೋಲಗುಮ್ಮಟ. ಪಶ್ಚಿಮಕ್ಕೆ ಈಗ ಹೋಗಬೇಕಾದ ಇಬ್ರಾಹಿಂ ರೋಜಾ, ಅಂದರೆ ಎರಡನೇ ಇಬ್ರಾಹಿಂನ ಗೋರಿ.

ಸಂಜೆ ಐದಕ್ಕೆ ಇಬ್ರಾಹಿಂ ರೋಜಾದಲ್ಲಿರಿ

ಗೋಲಗುಮ್ಮಟ ಮತ್ತು ಇಬ್ರಾಹಿಂ ರೋಜಾ, ಎರಡರಲ್ಲಿ ಒಂದನ್ನೇ ನೋಡಲು ಹೊತ್ತಿದೆ ಅಂದರೆ ನಾನು ರೋಜಾ ಅನ್ನುತ್ತೇನೆ. ಗುಮ್ಮಟದವರು ಬೈಯ್ಯಲಿ.

ಎರಡನೇ ಇಬ್ರಾಹಿಂ (ಆಳಿದ್ದು 1580ರಿಂದ 1627) ಬೇರೆಯೇ ಥರದ ರಾಜ. ಸಂಗೀತದ ಹುಚ್ಚು. ತಾನೇ ಬರೆದ ಹಾಡುಗಳ ‘ಕಿತಾಬ್-ಎ-ನೌರಸ್’ ಪುಸ್ತಕದಲ್ಲಿ ಸರಸ್ವತಿಯನ್ನು ನೆನೆಯುತ್ತಾನೆ. ಜನ ಅವನನ್ನು ಜಗದ್ಗುರು ಬಾದಶಾಹ ಎಂದು ಕರೆದರು. ಈ ರೋಜಾವನ್ನು ಕಟ್ಟಲು ತೊಡಗಿದ್ದು ರಾಣಿ ತಾಜ್ ಸುಲ್ತಾನಳಿಗಾಗಿ. ಅವಳಿಗಿಂತ ಮೊದಲು ಅವನೇ ಹೋದ. ಈಗ ಇಬ್ಬರೂ ಇಲ್ಲೇ ಮಲಗಿದ್ದಾರೆ.

ಒಂದೇ ಜಗಲಿಯ ಮೇಲೆ ಎದುರುಬದುರು ಗೋರಿ ಮತ್ತು ಮಸೀದಿ, ನಡುವೆ ನೀರಿನ ಕೊಳ. ಗೋರಿಯ ಹೊರಗೋಡೆ ಸುತ್ತಿ ಒಂದು ಪ್ರದಕ್ಷಿಣೆ ಹಾಕಿ, ಅವಸರ ಬೇಡ. ಕಿಟಕಿಗಳಿಗೆ ಜಾಲರಿಯ ಬದಲು ಅರಬ್ಬಿ ಅಕ್ಷರಗಳನ್ನೇ ಕಲ್ಲಲ್ಲಿ ಕೊರೆದಿದ್ದಾರೆ. ಒಳಗೆ ನಿಂತರೆ ಬೆಳಕು ಬರುವುದು ಆ ಅಕ್ಷರಗಳ ಸಂದಿಯಿಂದ. ಇಳಿಬಿಸಿಲಲ್ಲಿ ಕಂದು ಕಲ್ಲು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಐದು ಗಂಟೆ ಅಂದದ್ದು. ಕಟ್ಟಿದ ಮಲಿಕ್ ಸಂದಲ್‌ನ ಹೆಸರು ಇಲ್ಲಿಯ ಶಾಸನದಲ್ಲಿದೆ. ಕಟ್ಟಿದವನ ಹೆಸರು ಕಲ್ಲಲ್ಲಿ ಉಳಿಯುವುದು ಅಪರೂಪ, ಅಲ್ವಾ?

ತಾಜ್ ಮಹಲ್‌ಗೆ ಇದೇ ಮಾದರಿ ಎಂದು ಗೈಡು ಹೇಳುತ್ತಾನೆ. ತಲೆಯಾಡಿಸಿ.

ಎರಡನೇ ದಿನ, ಬೆಳಿಗ್ಗೆ ಆರು: ಗುಮ್ಮಟ

ಗೇಟು ತೆರೆಯುವುದು ಆರಕ್ಕೆ. ಐದೂ ಮುಕ್ಕಾಲಿಗೆ ನೀವು ಅಲ್ಲಿರಬೇಕು. ವಾಕಿಂಗ್ ಬರುವ ಊರವರು ಬಿಟ್ಟರೆ ಯಾರೂ ಇರುವುದಿಲ್ಲ. ಶಾಲೆಯ ಬಸ್ಸುಗಳು ಬರುವುದು ಎಂಟರ ಮೇಲೆ. ಆ ಎರಡು ಗಂಟೆ ನಿಮ್ಮದು. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ.

ಮೊದಲು ಮೇಲೆ ಓಡಬೇಡಿ. ಒಳಗೆ ಹೋಗಿ ನಡುವೆ ನಿಂತು ತಲೆ ಎತ್ತಿ. ಇದು ಮೊಹಮ್ಮದ್ ಆದಿಲ್‌ಶಾಹನ ಗೋರಿ, 1656ರಲ್ಲಿ ಅವನು ತೀರಿಕೊಳ್ಳುವ ಹೊತ್ತಿಗೆ ಕಟ್ಟಿದ್ದು. ಗುಮ್ಮಟದ ಹೊರಗಿನ ಅಗಲ ಸುಮಾರು 44 ಮೀಟರ್. ಅಷ್ಟು ಭಾರಕ್ಕೆ ಒಳಗೆ ಒಂದೇ ಒಂದು ಕಂಬ ಇಲ್ಲ. ಹಾಗಾದರೆ ಭಾರ ಎಲ್ಲಿ ಹೋಯಿತು? ಗೋಡೆಯ ಮೇಲ್ಭಾಗದಲ್ಲಿ ಕಮಾನುಗಳು ಒಂದನ್ನೊಂದು ದಾಟಿ ಹೋಗುವುದನ್ನು ಗಮನಿಸಿ. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ಇಟ್ಟರೆ ನಕ್ಷತ್ರ ಬರುತ್ತದಲ್ಲ, ರಂಗೋಲಿಯ ಹಾಗೆ, ಅದೇ ಇಲ್ಲಿ ಕಲ್ಲಲ್ಲಿದೆ. ಕಮಾನುಗಳು ಹೀಗೆ ಹೆಣೆದುಕೊಂಡು ಚೌಕದ ಕೋಣೆಯನ್ನು ಮೇಲೆ ಹೋಗುತ್ತಾ ದುಂಡಾಗಿಸುತ್ತವೆ. ಗುಮ್ಮಟ ಆ ದುಂಡಿನ ಮೇಲೆ ಕೂತಿದೆ. ಇಲ್ಲಿ ಕಾಣುವ ಗೋರಿಗಳು ಗುರುತಿಗೆ ಮಾತ್ರ, ನಿಜವಾದವು ಕೆಳಗಿನ ನೆಲಮಾಳಿಗೆಯಲ್ಲಿವೆ.

ಈಗ ಹತ್ತಿ. ನಾಲ್ಕು ಮೂಲೆಗಳಲ್ಲಿ ಏಳು ಅಂತಸ್ತಿನ ಗೋಪುರ, ಅದರೊಳಗೆ ಮೆಟ್ಟಿಲು. ಕಿರಿದು, ಕಡಿದು, ಕೆಲವೆಡೆ ಕತ್ತಲು. ಪ್ರತಿ ಅಂತಸ್ತಿನಲ್ಲೂ ಗಾಳಿಕಂಡಿ ಇದೆ, ನಿಂತು ಉಸಿರು ತೆಗೆದುಕೊಳ್ಳಿ. ಮೊಣಕಾಲು ನೋವಿರುವ ಹಿರಿಯರನ್ನು ಒತ್ತಾಯ ಮಾಡಬೇಡಿ. ಕೆಳಗಿನ ಹಜಾರದಲ್ಲಿ ಕೂತರೂ ಅರ್ಧ ಸುಖ ಸಿಗುತ್ತದೆ. ಮೇಲೆ ಬಂದ ತಕ್ಷಣ ಪಿಸುಗುಟ್ಟುವ ಮೊಗಸಾಲೆಗೆ ನುಗ್ಗಬೇಡಿ, ಹೊರಗಿನ ತಾರಸಿಯಲ್ಲಿ ಸೂರ್ಯ ಏರುವುದನ್ನು ನೋಡಿ.

ಆಮೇಲೆ ಒಳಗೆ. ಇಲ್ಲಿ ಕೂಗುವುದು ದಡ್ಡತನ. ಹೀಗೆ ಮಾಡಿ. ಒಬ್ಬರು ಒಂದು ಕಡೆ ಗೋಡೆಗೆ ಮುಖ ಮಾಡಿ ಕುಳಿತುಕೊಳ್ಳಿ. ಇನ್ನೊಬ್ಬರು ನೇರ ಎದುರು ಬದಿಗೆ ಹೋಗಿ ಗೋಡೆಗೆ ಕಿವಿ ಹತ್ತಿರ ಇಡಿ. ಮೊದಲನೆಯವರು ಗೋಡೆಗೆ ಗುಟ್ಟು ಹೇಳುವಷ್ಟು ಮೆಲ್ಲಗೆ ಮಾತಾಡಲಿ. ನಡುವೆ ಸುಮಾರು ಮೂವತ್ತೆಂಟು ಮೀಟರ್ ಬಯಲು, ಆದರೂ ಮಾತು ಪಕ್ಕದಲ್ಲೇ ನಿಂತು ಹೇಳಿದಂತೆ ಕೇಳುತ್ತದೆ. ದನಿ ನಡುವಿನ ಬಯಲಿಗೆ ಚದುರಿ ಹೋಗದೆ ಬಾಗಿದ ಗೋಡೆಯನ್ನೇ ಹಿಡಿದು ಸರಿಯುತ್ತದೆ, ಅದೇ ಗುಟ್ಟು. ಆಮೇಲೆ ಒಂದೇ ಒಂದು ಚಪ್ಪಾಳೆ ತಟ್ಟಿ ಸುಮ್ಮನಾಗಿ. ಅದು ಮತ್ತೆ ಮತ್ತೆ ಮರಳಿ ಬರುವುದನ್ನು ಎಣಿಸಿ. ನಾನು ಏಳಕ್ಕೆ ಎಣಿಕೆ ತಪ್ಪಿದೆ. ಮಕ್ಕಳ ಗದ್ದಲದಲ್ಲಿ ಇದ್ಯಾವುದೂ ಸಿಗುವುದಿಲ್ಲ.

ಇಳಿದು ಬಂದು ತಿಂಡಿ ಮುಗಿಸಿ, ಮ್ಯೂಸಿಯಂ ತೆರೆದ ಮೇಲೆ ಒಂದು ಸುತ್ತು ಹಾಕಿ. ಗುಮ್ಮಟದ ಮುಂದಿನ ನಗಾರಿಖಾನೆಯ ಕಟ್ಟಡವೇ ಮ್ಯೂಸಿಯಂ. ಶಾಸನ, ಹಳೆಯ ಬರಹ, ಆಯುಧ, ಪಿಂಗಾಣಿ. ಮುಕ್ಕಾಲು ಗಂಟೆ ಸಾಕು.

ಅದೇ ದಿನ: ತೊರವಿ, ಆಮೇಲೆ ಕುಮಟಗಿ

ಇನ್ನು ಹಳ್ಳಿಯ ಕಡೆ. ಊರಿನ ಪಶ್ಚಿಮಕ್ಕೆ ಐದಾರು ಕಿಲೋಮೀಟರ್ ಹೋದರೆ ತೊರವಿ. ಕನ್ನಡ ಓದುವವರಿಗೆ ಹೆಸರು ಗೊತ್ತಿರಬೇಕು. ‘ತೊರವೆ ರಾಮಾಯಣ’ ಬರೆದ ಕುಮಾರ ವಾಲ್ಮೀಕಿ ಇದೇ ಊರಿನ ನರಸಿಂಹನ ಭಕ್ತ. ದೇವಸ್ಥಾನಕ್ಕೆ ನೆಲದ ಕೆಳಗೆ ಇಳಿದು ಹೋಗಬೇಕು. ಇದೇ ಬಯಲಲ್ಲಿ ಎರಡನೇ ಇಬ್ರಾಹಿಂ 1599ರಲ್ಲಿ ನೌರಸಪುರ ಎಂಬ ಹೊಸ ಊರು ಕಟ್ಟಲು ಹೊರಟಿದ್ದ. 1624ರಲ್ಲಿ ಅಹಮದ್‌ನಗರದ ಸೇನಾನಿ ಮಲಿಕ್ ಅಂಬರ್ ಬಂದು ಹಾಳುಗೆಡವಿದ. ಸಂಗೀತ ಮಹಲ್‌ನ ಕಮಾನುಗಳು ಉಳಿದಿವೆ. ನಿನ್ನೆ ನೋಡಿದ ಗಗನ್ ಮಹಲ್‌ನ ಹೋಲಿಕೆ ಕಣ್ಣಿಗೆ ಬೀಳುತ್ತದೆ.

ಆದರೆ ನಮ್ಮ ಪ್ರಶ್ನೆಗೆ ಉತ್ತರ ಇರುವುದು ತೊರವಿಯ ಸುರಂಗ ಬಾವಡಿಯಲ್ಲಿ. ಊರಿಗೆ ನೀರು ಹೋಗುತ್ತಿದ್ದದ್ದು ಈ ಕಡೆಯಿಂದ, ನೆಲದ ಕೆಳಗೆ ಕೊರೆದ ಸುರಂಗದಲ್ಲಿ. ಕರೇಜ್ ಅನ್ನುತ್ತಾರೆ, ಪರ್ಷಿಯಾದಿಂದ ಬಂದ ವಿದ್ಯೆ. ಎತ್ತರದ ಜಾಗದಲ್ಲಿ ಒರತೆ ಹಿಡಿದು, ಸ್ವಲ್ಪವೇ ಇಳಿಜಾರು ಕೊಟ್ಟು ಸುರಂಗ ತೋಡುವುದು. ನೀರು ತಾನಾಗಿ ಹರಿಯುತ್ತದೆ. ಬಿಸಿಲಿಗೆ ಆವಿಯಾಗುವುದಿಲ್ಲ, ಶತ್ರು ಸುಲಭವಾಗಿ ಕೆಡಿಸಲಾರ. ದಾರಿಯುದ್ದಕ್ಕೂ ಗಾಳಿಗೆ, ಹೂಳೆತ್ತಲು ಬಾವಿಯಂಥ ಕಂಡಿಗಳು. ಈ ಕಂಡಿಗಳ ಹತ್ತಿರ ಬಹಳ ಜೋಪಾನ. ಕೆಲವಕ್ಕೆ ಕಟ್ಟೆ ಇಲ್ಲ, ಹುಲ್ಲು ಮುಚ್ಚಿರುತ್ತದೆ. ಊರಿನ ಒಬ್ಬರನ್ನು ಜೊತೆಗೆ ಕರೆದುಕೊಂಡೇ ಹೋಗಿ. ಸುರಂಗದೊಳಗೆ ಇಳಿಯುವ ಸಾಹಸ ಬೇಡ.

ವಾಪಸು ಬರುವಾಗ ಊರೊಳಗೆ ಅಲ್ಲಲ್ಲಿ ನಿಂತ ಚೌಕದ ಕಲ್ಲಿನ ಗೋಪುರಗಳನ್ನು ಗಮನಿಸಿ. ಗಂಜ್ ಅನ್ನುತ್ತಾರೆ. ಬೇಗಂ ತಲಾಬ್‌ನಂಥ ಕೆರೆಗಳಿಂದ ಮಣ್ಣಿನ ಕೊಳವೆಗಳಲ್ಲಿ ಬಂದ ನೀರು ಇಂಥ ಗೋಪುರ ಹತ್ತಿ ಇಳಿದು ಮುಂದೆ ಹೋಗುತ್ತಿತ್ತು. ಒತ್ತಡ ತಗ್ಗಿ ಕೊಳವೆ ಒಡೆಯುತ್ತಿರಲಿಲ್ಲ, ಕೆಸರು ತಳದಲ್ಲಿ ಉಳಿಯುತ್ತಿತ್ತು. ಬೋರ್ಡಿಲ್ಲ, ಟಿಕೆಟ್ಟಿಲ್ಲ. ಎಷ್ಟೋ ಜನ ದಿನಾ ಪಕ್ಕದಲ್ಲೇ ಓಡಾಡಿದರೂ ಅದೇನೆಂದು ಕೇಳಿಲ್ಲ. ಎಷ್ಟು ಗಂಜ್ ಕಂಡವು ಎಂದು ಮಕ್ಕಳಿಗೆ ಎಣಿಸಲು ಹೇಳಿ. ಮೊಬೈಲು ತಾನಾಗಿ ಕೆಳಗೆ ಹೋಗುತ್ತದೆ.

ಮೂರರ ಮೇಲೆ ಪೂರ್ವಕ್ಕೆ, ಸಿಂದಗಿ ರಸ್ತೆಯಲ್ಲಿ ಕುಮಟಗಿಗೆ ಹೊರಡಿ. ಸುಮಾರು ಇಪ್ಪತ್ತು ಕಿಲೋಮೀಟರ್. ಸುಲ್ತಾನರ ಬೇಸಿಗೆ ಮನೆ ಇದು. ಕುಡಿಯುವ ನೀರಿಗೆ ಅಷ್ಟೆಲ್ಲ ಕಷ್ಟಪಟ್ಟವರು ಇಲ್ಲಿ ಅದನ್ನು ಆಟಕ್ಕೆ ಬಳಸಿದ್ದಾರೆ. ಕೊಳದ ನಡುವೆ ಮಂಟಪ, ಗೋಡೆಯೊಳಗೆ ಕೊಳವೆ, ಚಾವಣಿಯಿಂದ ಕಾರಂಜಿ. ಒಂದು ಮಂಟಪದ ಗೋಡೆಗಳ ಮೇಲೆ ಕುಸ್ತಿಯವರು, ಕುದುರೆ ಮೇಲೆ ಕೂತು ಚೆಂಡಾಡುವವರು, ಪರದೇಶಿ ಮುಖಗಳ ಚಿತ್ರಗಳಿವೆ. ಬಹಳಷ್ಟು ಮಾಸಿವೆ. ಉಳಿದ ಚಿತ್ರಗಳ ಮೇಲೆ ಹೆಸರು ಗೀಚಿದವರೂ ಇದ್ದಾರೆ, ಹೊಟ್ಟೆ ಉರಿಯುತ್ತದೆ. ಅಲ್ಲಿ ಅಂಗಡಿ ಸಿಗುತ್ತದೆಂದು ನಂಬಬೇಡಿ. ನೀರು, ಕಡಕ್ ರೊಟ್ಟಿ, ಹಿಂಡಿ ಕಟ್ಟಿಕೊಂಡು ಹೋಗಿ.

ದಾರಿಯ ಎರಡೂ ಕಡೆ ಜೋಳ, ತೊಗರಿ, ಕಡಲೆ. ಈ ಜಿಲ್ಲೆಯ ಡೋಣಿ ನದಿಯ ಬಯಲು ಜೋಳಕ್ಕೆ ಹೆಸರುವಾಸಿ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಅನ್ನುವ ಮಾತೇ ಇದೆ. ಹೊಲದವರನ್ನು ಮಾತಾಡಿಸಿ, ಆದರೆ ಕೇಳದೆ ಹೊಲಕ್ಕೆ ಇಳಿಯಬೇಡಿ. ಎಳ್ಳ ಅಮಾವಾಸ್ಯೆಯ ದಿನ ನೀವು ಇಲ್ಲಿದ್ದರೆ ಅದೃಷ್ಟ. ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ (ಅಡುಗೆಯನ್ನು ನೈವೇದ್ಯವಾಗಿ ಹೊಲಕ್ಕೆ ಎರಚಿ) ಅಲ್ಲೇ ಊಟ ಮಾಡುತ್ತಾರೆ. ದಾರಿಹೋಕರನ್ನೂ ‘ಬರ್ರೀ, ಊಟ ಮಾಡೂಣು’ ಎಂದು ಕರೆಯುತ್ತಾರೆ. ಕರೆದರೆ ಹೋಗಿ, ಬಿಂಕ ಬೇಡ.

ಮೂರನೇ ದಿನ: ಕೃಷ್ಣೆಯ ಕಡೆ

ಇದಕ್ಕೆ ಕಾರು ಇದ್ದರೆ ಸಲೀಸು. ಸರಕಾರಿ ಬಸ್ಸಲ್ಲೂ ಆಗುತ್ತದೆ, ಆದರೆ ಮೂರರಲ್ಲಿ ಒಂದು ಜಾಗ ಬಿಡಬೇಕಾಗುತ್ತದೆ. ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಉಚಿತ. ಗುರುತಿನ ಚೀಟಿ ಮರೆಯಬೇಡಿ.

ಬೆಳಿಗ್ಗೆ ಏಳಕ್ಕೆ ಹೊರಟು ಮೊದಲು ಬಸವನ ಬಾಗೇವಾಡಿ, ನಲವತ್ತು ಚಿಲ್ಲರೆ ಕಿಲೋಮೀಟರ್. ಬಸವಣ್ಣನವರ ಹುಟ್ಟೂರು. ಅಲ್ಲಿಂದ ಕೂಡಲಸಂಗಮಕ್ಕೆ ಹೋಗಿ. ಕೃಷ್ಣೆ ಮತ್ತು ಮಲಪ್ರಭೆ ಸೇರುವ ಜಾಗ, ಬಸವಣ್ಣನವರು ಐಕ್ಯರಾದ ಜಾಗ. ಒಂದೇ ದಿನದಲ್ಲಿ ಹುಟ್ಟಿದ ಊರು, ಕೊನೆಯ ಊರು ಎರಡೂ. ನಾರಾಯಣಪುರ ಅಣೆಕಟ್ಟಿನ ಹಿನ್ನೀರಿಗೆ ಐಕ್ಯಮಂಟಪ ಮುಳುಗುವಂತಿತ್ತು. ಅದಕ್ಕೆ ಸುತ್ತಲೂ ಬಾವಿಯ ಹಾಗೆ ಗೋಡೆ ಎಬ್ಬಿಸಿದ್ದಾರೆ. ಮೆಟ್ಟಿಲಿಳಿದು ಒಳಗೆ ಹೋಗಬೇಕು. ಎರಡು ದಿನ ನೀರು ತರುವ ಬಾವಿಗಳನ್ನು ನೋಡಿದ ಮೇಲೆ, ನೀರನ್ನು ಹೊರಗಿಡುವ ಈ ಬಾವಿ! ಸಂಗಮನಾಥನ ಗುಡಿಯ ಮುಂದಿನ ಮೆಟ್ಟಿಲಲ್ಲಿ ಕುಳಿತುಕೊಳ್ಳಬಹುದು. ಹೊಳೆ ತುಂಬಿದ್ದಾಗ ನೀರಿಗಿಳಿಯಬೇಡಿ.

ಮಧ್ಯಾಹ್ನದ ಮೇಲೆ ಆಲಮಟ್ಟಿ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ ಅಣೆಕಟ್ಟು, 26 ಗೇಟು. ಮಳೆಗಾಲದಲ್ಲಿ ಗೇಟು ತೆರೆದಾಗಿನ ನೋಟ ಬೇರೆಯೇ. ಉಳಿದ ಕಾಲದಲ್ಲಿ ಉದ್ಯಾನಗಳು, ಸಂಜೆ ಸಂಗೀತ ಕಾರಂಜಿ. ಉದ್ಯಾನ ನನಗೆ ಅಷ್ಟೇನೂ ರುಚಿಸಲಿಲ್ಲ. ಮಕ್ಕಳಿಗೆ ಖುಷಿ. ಅಣೆಕಟ್ಟಿನ ಮೇಲೆ ಕ್ಯಾಮೆರಾ ತೆಗೆಯಬೇಡಿ, ಕಾವಲಿನವರು ಬಿಡುವುದಿಲ್ಲ. ನಾಲ್ಕು ಪಥದ ಹೆದ್ದಾರಿಯಲ್ಲಿ ವಿಜಯಪುರಕ್ಕೆ ವಾಪಸಾಗಲು ಒಂದೂವರೆ ಗಂಟೆ ಇಟ್ಟುಕೊಳ್ಳಿ. ರಾತ್ರಿ ಬಸ್ಸು ಹಿಡಿಯುವವರು ಕಾರಂಜಿಯ ಆಸೆ ಬಿಡಿ.

ಬ್ಯಾಗಿಗೆ ಏನು

ದಪ್ಪ ಕಾಲುಚೀಲ, ಬಿಸಿ ಕಲ್ಲಿಗೆ. ಟೋಪಿ. ಮೆಟ್ಟಿಲಿಗೆ ಸಣ್ಣ ಟಾರ್ಚು, ಮೊಬೈಲಿನದು ಸಾಲದು, ಒಂದು ಕೈ ಗೋಡೆಗೆ ಬೇಕಾಗುತ್ತದೆ. ಚಿಲ್ಲರೆ ಹಣ. ಚಳಿಗಾಲದ ಮುಂಜಾನೆಗೆ ಒಂದು ಸ್ವೆಟರ್.

ಹೊರಡುವ ಮುಂಚೆ ಮಾರುಕಟ್ಟೆಯಲ್ಲಿ ಒಣದ್ರಾಕ್ಷಿ ಕೊಳ್ಳಿ, ಇಲ್ಲಿಯದೇ ಬೆಳೆ. ಬಾಯಿಗೆ ಹಾಕಿಕೊಂಡು ನೋಡಿಯೇ ತೂಗಿಸಿ. ಕಡಕ್ ರೊಟ್ಟಿಯ ಕಟ್ಟು ಒಂದು, ಶೇಂಗಾ ಹೋಳಿಗೆ ಒಂದು. ರೊಟ್ಟಿಯನ್ನು ಬ್ಯಾಗಿನ ತಳಕ್ಕೆ ಹಾಕಬೇಡಿ. ನಾನು ಹಾಗೆ ಮಾಡಿ ಮನೆಗೆ ತಂದದ್ದು ಜೋಳದ ಹಿಟ್ಟು.